ಮೂಲೆಯ ಪಾಲು

ಆ ಊರಿನಲ್ಲಿ ಮನೆ ಕಟ್ಟುತ್ತಿರಲಿಲ್ಲ, ಕಡೆಯುತ್ತಿದ್ದರು. ಇಳಿಜಾರು ಗುಡ್ಡದ ಮೇಲೆ ಒಂದೊಂದು ಮನೆಗೆ ಒಂದೊಂದೇ ಬಂಡೆ. ಅದನ್ನು ನಾಲ್ಕೂ ಕಡೆ ಚೌಕವಾಗಿ ಕಡಿದು, ಮೇಲೆ ಕೆಳಗೆ ಸಮ ಮಾಡಿ, ಒಳಗನ್ನು ತೋಡಿ ತೆಗೆದರೆ ಮನೆಯಾಯಿತು. ಎಲ್ಲ ಮನೆಗೂ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಮನೆಯ ಯಜಮಾನ ತೀರಿಕೊಂಡಾಗ ಪಾಲು ಮಾಡಲು ಎಣಿಕೆಯವನು ಬರುತ್ತಿದ್ದ. ಬರಿಗಾಲಲ್ಲಿ ಒಳಗೆ ಬಂದು, ಯಾರೊಡನೆಯೂ ಮಾತಾಡದೆ, ಮೊದಲು ಗೋಡೆಗೆ ಅಂಗೈ ಒತ್ತುತ್ತಿದ್ದ. ಅಂಗೈ ಪೂರಾ ತಾಗಿದರೆ ಅದು ಮುಖ. ಆಮೇಲೆ ಎರಡು ಮುಖ ಕೂಡುವ ಕಡೆ ಬೆರಳು ಎಳೆಯುತ್ತಿದ್ದ. ಬೆರಳು ಹರಿದಷ್ಟು ದೂರವೂ ಅಂಚು. ಕೊನೆಗೆ, ಅಂಚುಗಳೆಲ್ಲ ಬಂದು ಸೇರುವ ಕಡೆ ಬೆರಳ ತುದಿಯನ್ನು ಒಮ್ಮೆ ತಾಗಿಸಿ ತೆಗೆಯುತ್ತಿದ್ದ. ಅದು ಮೂಲೆ. ಶಾಸ್ತ್ರದ ಮಾತಿನಲ್ಲಿ ಅದಕ್ಕೆ ಶೃಂಗ ಎಂಬ ದೊಡ್ಡ ಹೆಸರಿತ್ತು. ಮನೆಮಂದಿ ಮಾತ್ರ ಮೂಲೆ ಎನ್ನುತ್ತಿದ್ದರು.

ಮುಖ ಹಿರಿಯ ಮಗನಿಗೆ. ಅಂಚು ಕಿರಿಯ ಮಗನಿಗೆ. ಮೂಲೆ ಮಗಳಿಗೆ. ಇದು ಆ ಊರಿನ ಕಟ್ಟಳೆ. ಯಾರು ಮಾಡಿದ್ದೆಂದು ಯಾರೂ ಕೇಳಿರಲಿಲ್ಲ.

ಇಳಿಜಾರಿನ ಮೇಲ್ಬೀದಿಯ ಒಂದು ಮನೆಯಲ್ಲಿ ಯಜಮಾನ ಸತ್ತ. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳಿಗೆ ಸಂಕವ್ವ ಎಂದು ಹೆಸರಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳ ತಾಯಿ ಒಬ್ಬಳೇ. ಆ ತಾಯಿ ಸೊಂಟ ಬಿದ್ದುಹೋಗಿ, ಮನೆಯ ನಟ್ಟನಡುವೆ ಒಂದು ಚಾಪೆಯ ಮೇಲೆ ಮಲಗಿದ್ದಳು. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಅವಳನ್ನು ತೊಳೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಸಂಕವ್ವ.

ಎಣಿಕೆಯವನು ಬಂದ. ಅಂಗೈ ಒತ್ತಿದ, ಬೆರಳು ಎಳೆದ, ತುದಿ ತಾಗಿಸಿದ. ಆರು, ಹನ್ನೆರಡು, ಎಂಟು ಎಂದು ಮೂವರಿಗೂ ಪಾಲು ಹೇಳಿ ಹೊರಟ.

ಸಂಕವ್ವ ಬಾಗಿಲಿನ ತನಕ ಅವನ ಹಿಂದೆ ಹೋದಳು. "ಎಣಿಕೆಯವರೇ, ನಡುವೆ ಇರೋ ಜಾಗ ಯಾರಿಗೆ?"

"ಯಾವ ಜಾಗ?"

"ಅವ್ವ ಮಲಗಿರೋದು."

ಅವನು ತಿರುಗಿ ನೋಡಿದ. "ಅದು ನೆಲ. ನೆಲವೂ ಒಂದು ಮುಖ. ನಿಮ್ಮಣ್ಣನದು."

"ನೆಲ ಅಲ್ಲ. ನೆಲದ ಮೇಲಿರೋದು. ಅವ್ವ ಉಸಿರಾಡೋ ಜಾಗ. ಒಳಗು."

ಎಣಿಕೆಯವನು ಕೆಟ್ಟವನಲ್ಲ. ಮರುಕದಿಂದಲೇ ಹೇಳಿದ: "ಒಳಗು ಅಂತ ಕಟ್ಟಳೆಯಲ್ಲಿ ಯಾವುದೂ ಇಲ್ಲ ತಾಯಿ. ಮುಟ್ಟಿ ಎಣಿಸೋಕೆ ಬಂದರೆ ತಾನೇ ಪಾಲು?"

ಅಂದಿನಿಂದ ಸಂಕವ್ವ ತನ್ನ ಪಾಲಿನಲ್ಲಿ ನಿಂತಳು. ಎಂಟು ಮೂಲೆಗಳಲ್ಲಿ ನಾಲ್ಕು ಚಾವಣಿಗೆ ಅಂಟಿಕೊಂಡಿದ್ದವು. ಅಲ್ಲಿ ಜೇಡಗಳಿದ್ದವು. ಕೆಳಗಿನ ನಾಲ್ಕರಲ್ಲಿ ತಾಯಿಯ ಮುಖ ಕಾಣುವಂಥದ್ದೊಂದನ್ನು ಅವಳು ಆರಿಸಿಕೊಂಡಳು. ಮೂಲೆಗೆ ಉದ್ದವಿಲ್ಲ, ಅಗಲವಿಲ್ಲ. ಕಾಲೂರಿದರೆ ಅದು ದೊಡ್ಡಣ್ಣನ ಮುಖ. ಬೆನ್ನು ಸ್ವಲ್ಪ ಜಾರಿದರೆ ಅದು ಚಿಕ್ಕಣ್ಣನ ಅಂಚು. ಅವಳು ಮೈಯನ್ನು ಹಿಂಡಿಕೊಂಡು, ಮೂರು ಮುಖ ಕೂಡುವ ಆ ಒಂದು ಚುಕ್ಕಿಗೆ ಬೆನ್ನು ಕೊಟ್ಟು, ಮೊಣಕಾಲಿಗೆ ಗದ್ದ ತಾಗಿಸಿ ಕೂರುವುದನ್ನು ಕಲಿತಳು. ಹಾಗೇ ನಿದ್ದೆ ಮಾಡುವುದನ್ನೂ ಕಲಿತಳು.

ಹಿರಿಯ ತನ್ನ ಮುಖಗಳಿಗೆ ಸುಣ್ಣ ಬಳಿಸಿದ, ಕೆಮ್ಮಣ್ಣಿನಲ್ಲಿ ಬಳ್ಳಿ ಬರೆಸಿದ, ಮುಂದಿನ ಮುಖದಲ್ಲಿ ದೊಡ್ಡ ಬಾಗಿಲು ಕೂರಿಸಿದ. ಕಿರಿಯ ತನ್ನ ಅಂಚುಗಳುದ್ದಕ್ಕೂ ಹಗ್ಗ ಕಟ್ಟಿ, ಹಲಗೆ ಹೊಡೆದು, ಸಾಮಾನು ಜೋಡಿಸಿದ. ಮನೆಗೆ ನೆಂಟರು ಬಂದರು. ಬಂದವರು ಬಳ್ಳಿ ನೋಡಿ ಚೆನ್ನಾಗಿದೆ ಎಂದರು. ಹಾಗೆನ್ನುವಾಗಲೇ ಅವರ ಕಣ್ಣು ಮೂಲೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಒಂದು ದಿನ ನೆಂಟರನ್ನು ಕಳಿಸಿ ಬಂದ ಹಿರಿಯ ತಂಗಿಯ ಮುಂದೆ ನಿಂತ. "ಎಲ್ಲಾದರೂ ಒಂದು ಗಂಡು ನೋಡ್ತೀನಿ. ಹೋಗಿಬಿಡು."

"ಹೋಗ್ತೀನಿ ಅಣ್ಣ. ಅವ್ವನ್ನ ಯಾರು ನೋಡ್ಕೋತಾರೆ?"

ಹಿರಿಯ ಕಿರಿಯನನ್ನು ನೋಡಿದ. ಕಿರಿಯ ಹಗ್ಗದ ಗಂಟನ್ನು ನೋಡಿದ. ಆ ಮಾತು ಅಲ್ಲಿಗೇ ನಿಂತಿತು.

ಆದರೆ ಹಿರಿಯನ ತಲೆಯಲ್ಲಿ ಅದು ನಿಲ್ಲಲಿಲ್ಲ. ಮೂಲೆ ಇರುವ ತನಕ ಇವಳನ್ನು ಹೊರಗೆ ಕಳಿಸಲು ಕಟ್ಟಳೆ ಬಿಡುವುದಿಲ್ಲ. ಮೂಲೆಯೇ ಇಲ್ಲದಿದ್ದರೆ? ಅವನು ಕಲ್ಲುಕುಟಿಗನನ್ನು ಕರೆಸಿ, ತಂಗಿ ಕೂತಿದ್ದ ಮೂಲೆಯನ್ನು ತೋರಿಸಿದ. "ಇದನ್ನು ಕಡಿದು ಹಾಕು."

ಕಲ್ಲುಕುಟಿಗ ಒಳಗಡೆಯಿಂದ ಒಂದು ಚಪ್ಪಡಿಯನ್ನು ಓರೆಯಾಗಿ ಕೂರಿಸಿದ. ಹೊರಗಡೆಯಿಂದ ಉಳಿ ಹೊಡೆದು ಮೂಲೆಯ ಮೊನೆಯನ್ನು ಬೇರೆ ಮಾಡಿದ. ಅದು ಗುಡ್ಡದಲ್ಲಿ ಉರುಳಿಕೊಂಡು ಹೋಯಿತು. ಸಂಕವ್ವ ತಾಯಿಯ ಚಾಪೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ತಾಯಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. "ಏನು ಸಂಕೀ ಅದು ಸದ್ದು?" ಎಂದಳು.

"ಮನೆ ರಿಪೇರಿ ಅವ್ವ."

ಪಾಲು ಬದಲಾಯಿತಲ್ಲ, ಹಾಗಾಗಿ ಎಣಿಕೆಯವನು ಬಂದ. ಹೊಸ ಓರೆಗೋಡೆಗೆ ಅಂಗೈ ಒತ್ತಿದ. ಪೂರಾ ತಾಗಿತು. "ಮುಖ ಏಳು," ಎಂದ. ಓರೆಗೋಡೆಯ ಸುತ್ತ ಬೆರಳು ಎಳೆದ. ಮೂರು ಹೊಸ ಗೆರೆ. "ಅಂಚು ಹದಿನೈದು." ಆಮೇಲೆ ಬೆರಳ ತುದಿಯನ್ನು ಒಮ್ಮೆ ತಾಗಿಸಿದ, ಇನ್ನೊಮ್ಮೆ ತಾಗಿಸಿದ, ಮತ್ತೂ ಒಮ್ಮೆ ತಾಗಿಸಿದ. ಒಂದು ಮೂಲೆ ಹೋದ ಜಾಗದಲ್ಲಿ ಮೂರು ಮೂಲೆ ಹುಟ್ಟಿದ್ದವು.

"ಮೂಲೆ ಹತ್ತು," ಎಂದು ಸಂಕವ್ವನ ಕಡೆ ನೋಡಿ ನಕ್ಕ. "ನಿನ್ನ ಪಾಲು ಹೆಚ್ಚಾಯಿತಲ್ಲ ತಾಯಿ!"

ಹಿರಿಯನ ಮುಖ ಕಪ್ಪಿಟ್ಟಿತು. ಕಲ್ಲುಕುಟಿಗನನ್ನು ಬಯ್ಯಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿದ. ಏಳು, ಎಂದಿದ್ದ ಎಣಿಕೆಯವನು. ಆ ಊರಿನ ಚಾವಡಿಯಲ್ಲಿ ಮುಖದ ಲೆಕ್ಕಕ್ಕೆ ತಕ್ಕಂತೆ ಕೂರಿಸುತ್ತಿದ್ದರು. ಎಲ್ಲರಿಗೂ ಆರೇ ಮುಖ ಇದ್ದುದರಿಂದ ಅಲ್ಲಿಯ ತನಕ ಎಲ್ಲರೂ ಒಂದೇ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಮರುದಿನ ಹಿರಿಯ ಹೋದಾಗ ಅವನಿಗೊಂದು ಮಣೆ ಹಾಕಿದರು.

ಅವತ್ತು ಮನೆಗೆ ಬಂದವನೇ ಇನ್ನೊಂದು ಮೂಲೆ ಕಡಿಯಲು ಹೇಳಿದ.

ಸಂಕವ್ವ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದಳು. ಅದನ್ನೂ ಕಡಿದರು. ಮತ್ತೊಂದಕ್ಕೆ ಹೋದಳು. ಕಲ್ಲುಕುಟಿಗ ಅವಳನ್ನು ಹಿಂಬಾಲಿಸಿದ. ಚಾವಣಿಯ ಮೂಲೆಗಳನ್ನೂ ಬಿಡಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಎಂಟು ಮೂಲೆಯಲ್ಲಿ ಒಂದೂ ಉಳಿಯಲಿಲ್ಲ. ಎಣಿಕೆಯವನು ಬಂದು ಅಂಗೈ ಒತ್ತಿ, ಬೆರಳು ಎಳೆದು, ತುದಿ ತಾಗಿಸಿ ಹೇಳಿದ: "ಮುಖ ಹದಿನಾಲ್ಕು. ಅಂಚು ಮೂವತ್ತಾರು. ಮೂಲೆ ಇಪ್ಪತ್ತನಾಲ್ಕು."

ಚಾವಡಿಯಲ್ಲಿ ಹಿರಿಯನ ಮಣೆ ಎತ್ತರವಾಯಿತು. ಕಿರಿಯನ ಹಗ್ಗಗಳು ಮನೆ ತುಂಬ ಹೆಣೆದುಕೊಂಡವು. ಎಲ್ಲರ ಪಾಲೂ ಹೆಚ್ಚುತ್ತಿತ್ತು. ಬೀದಿಯವರು ಬಂದು, ಅಣ್ಣ ತಮ್ಮ ತಂಗಿ ಮೂವರೂ ಏಳಿಗೆ ಹೊಂದುತ್ತಿದ್ದಾರೆಂದು ಹೊಗಳಿ ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ಒಳಗೆ ಕಾಲಿಡಲಿಲ್ಲ. ಹೊರಗೆ ಮುಖ ಹೆಚ್ಚಿದಷ್ಟೂ ಒಳಗೆ ಜಾಗ ಕುಗ್ಗಿತ್ತು. ಒಂದೊಂದು ಓರೆಗೋಡೆ ಎದ್ದಾಗಲೂ ಅದು ತಾಯಿಯ ಕಡೆಗೆ ಒಂದಿಷ್ಟು ಬಂದಿತ್ತು. ಚಾಪೆಯನ್ನು ಒಂದು ಸುತ್ತು ಮಡಿಸಿದರು. ಆಮೇಲೆ ಇನ್ನೊಂದು ಸುತ್ತು. ಸಂಕವ್ವ ಮೊದಲು ತಾಯಿಯ ಕಾಲು ಮಡಿಸಿದಳು, ಆಮೇಲೆ ಮಂಡಿಯನ್ನು ಹೊಟ್ಟೆಗೆ ತಂದಳು, ಆಮೇಲೆ ತಲೆಯನ್ನು ಮಂಡಿಗೆ ತಂದಳು. ಹಿರಿಯ ತನ್ನ ಹೆಂಡತಿ ಮಕ್ಕಳೊಡನೆ ಅಂಗಳದ ಚಪ್ಪರಕ್ಕೆ ಹೋದ. ಕಿರಿಯನೂ ಅಲ್ಲಿಗೇ ಹೋದ. ಒಳಗೆ ಉಳಿದವರು ಇಬ್ಬರು.

ಸಂಕವ್ವ ದೊಡ್ಡಣ್ಣನ ಹತ್ತಿರ ಹೋಗಿ ಸೆರಗೊಡ್ಡಿದಳು. "ಅಣ್ಣ, ನನ್ನ ಮೂಲೆ ಎಲ್ಲಾನೂ ನೀನೇ ತಗೋ. ಒಂದೂ ಬೇಡ ನನಗೆ. ಕಡಿಯೋದು ನಿಲ್ಲಿಸು."

"ಗಂಡಸು ಮೂಲೆ ತಗೊಳ್ಳೋದುಂಟಾ? ಕಟ್ಟಳೆ ಒಪ್ಪಲ್ಲ."

"ಹಂಗಾದರೆ ಅವ್ವನ್ನ ಹೊರಗೆ ಕರ್ಕೊಂಡು ಹೋಗೋಕಾದರೂ ಬಿಡು. ಚಪ್ಪರದಲ್ಲಿ ಮಲಗಿಸ್ತೀನಿ. ಇಲ್ಲ, ಮರದ ಕೆಳಗೆ."

ಹಿರಿಯ ಬೆಚ್ಚಿಬಿದ್ದ. "ಹೆತ್ತವ್ವನ್ನ ಹೊರಗೆ ಹಾಕಿದ ಅಂತ ಊರೆಲ್ಲ ಆಡ್ಕೊಳ್ಳಲ್ವಾ? ನನ್ನ ಮುಖ ಎಲ್ಲಿಡಲಿ? ಹದಿನಾಲ್ಕು ಮುಖ! ಬಾಗಿಲು ನನ್ನ ಮುಖದಲ್ಲಿದೆ. ನಾನು ಬಿಡಲ್ಲ."

ಅವಳು ಚಿಕ್ಕಣ್ಣನ ಹತ್ತಿರ ಹೋದಳು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು. ಮಾತಾಡುವ ಮೊದಲೇ ಅವನ ಕಣ್ಣು ತುಂಬಿ ಬಂತು. "ಕಡಿಸ್ತಿರೋನು ಅಣ್ಣ. ನಾನೇನು ಮಾಡಲಿ, ಹೇಳು?"

"ಬೇಡ ಅನ್ನು. ಅಷ್ಟು ಮಾಡು."

ಅವನು ಕಣ್ಣು ಒರೆಸಿಕೊಂಡ. "ಒಂದೊಂದು ಸಲಕ್ಕೂ ನನಗೆ ಮೂರು ಅಂಚು ಬರುತ್ತೆ," ಎಂದ, ತಪ್ಪು ತನ್ನದಲ್ಲ ಎನ್ನುವ ಹಾಗೆ.

ಹೊಸ ಮೂಲೆಗಳಿಗೆ ಕಲ್ಲುಕುಟಿಗ ಕೈಹಾಕಿದ. ಈಗ ಎಣಿಕೆಯವನು ಪದೇಪದೇ ಬರುತ್ತಿದ್ದ. ಅವನಿಗೆ ಈ ಮನೆಯೆಂದರೆ ಬಲು ಪ್ರೀತಿಯಾಗಿತ್ತು. ಮುಖ ಕುಗ್ಗಿದ ಹಾಗೆ ದೊಡ್ಡ ಬಾಗಿಲೂ ಕುಗ್ಗಿ ಕಿರುಬಾಗಿಲಾಗಿತ್ತು. ಒಂದು ಸಂಜೆ ಅವನು ಅದರಿಂದ ತಲೆ ಒಳಗೆ ತೂರಿಸಿ, ಉಬ್ಬಸ ಹತ್ತಿದ್ದ ತಾಯಿಯ ಎದೆ ನೀವುತ್ತ ಕೂತಿದ್ದ ಸಂಕವ್ವನಿಗೆ ಹೇಳಿದ:

"ಒಂದು ಸೋಜಿಗ ಕೇಳು ತಾಯಿ. ಮುಖವನ್ನೂ ಮೂಲೆಯನ್ನೂ ಕೂಡಿಸಿ ನೋಡು. ಅಂಚಿಗಿಂತ ಎರಡು ಹೆಚ್ಚು. ಮೊದಲು ಆರೂ ಎಂಟೂ ಹದಿನಾಲ್ಕು, ಅಂಚು ಹನ್ನೆರಡು. ಆಮೇಲೆ ಏಳೂ ಹತ್ತೂ ಹದಿನೇಳು, ಅಂಚು ಹದಿನೈದು. ನಿನ್ನೆಯೂ ಎಣಿಸಿದೆ. ಎಷ್ಟು ಕಡಿದರೂ ಅದೇ ಎರಡು! ಹೋಗಲೇ ಒಲ್ಲದು!"

"ಆ ಎರಡು ಯಾರ ಪಾಲಿಗೆ ಬರುತ್ತೆ ಎಣಿಕೆಯವರೇ?"

"ಯಾರ ಪಾಲಿಗೂ ಇಲ್ಲ," ಎಂದು ಅವನು ನಕ್ಕ. "ಅದು ಬರೀ ಲೆಕ್ಕ."

ಅವನ ತಲೆ ಬಾಗಿಲಿನಿಂದ ಹೊರಗೆ ಹೋದ ಮೇಲೆ ಒಂದಿಷ್ಟು ಗಾಳಿ ಒಳಗೆ ಬಂತು.

ಇಪ್ಪತ್ತನಾಲ್ಕು ಮೂಲೆಗಳನ್ನೂ ಕಡಿದು ಮುಗಿಸುವ ದಿನ ಬಂತು. ಆವತ್ತು ಕೊನೆಯ ಮೂಲೆ ಹೋದರೆ ಮುಖ ಮೂವತ್ತೆಂಟಾಗುತ್ತಿತ್ತು, ಅಂಚು ನೂರೆಂಟಾಗುತ್ತಿತ್ತು. ನೂರೆಂಟು ಒಳ್ಳೆಯ ಸಂಖ್ಯೆ ಎಂದು ಕಿರಿಯ ಹಿಗ್ಗಿದ. ಬೀದಿಗೆಲ್ಲ ಪಾಯಸ ಮಾಡಿಸಿದರು. ಹಿರಿಯ ಮನೆಯ ಮುಂದೆ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದ. ಸುಣ್ಣ ಬಳಿದ ಮುಖಗಳು ಬಿಸಿಲಿಗೆ ಒಂದೊಂದೂ ಒಂದೊಂದು ಬಗೆಯಲ್ಲಿ ಹೊಳೆಯುತ್ತಿದ್ದವು. ದೂರದಿಂದ ನೋಡಿದವರಿಗೆ ಮನೆ ಒಂದು ದುಂಡು ಹಣ್ಣಿನಂತೆ ಕಂಡಿತು. ಮೂವತ್ತೆಂಟರಲ್ಲಿ ಯಾವುದೂ ದೊಡ್ಡ ಮುಖವಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಮನೆ ಕೂತಿದ್ದ ಮುಖವೂ ದೊಡ್ಡದಿರಲಿಲ್ಲ.

ಸಂಕವ್ವ ಪಾಯಸದ ಬಟ್ಟಲು ಹಿಡಿದು ಕಿರುಬಾಗಿಲಿನಿಂದ ತೆವಳಿಕೊಂಡು ಒಳಗೆ ಹೋಗಿದ್ದಳು. ತಾಯಿಗೆ ಸಿಹಿ ಎಂದರೆ ಇಷ್ಟ. ಅವಳು ಬೆರಳಲ್ಲಿ ಅದ್ದಿ ತಾಯಿಯ ತುಟಿಗೆ ಸವರಿದಳು.

"ಯಾರ ಮದುವೆ ಸಂಕೀ?"

"ಯಾರದೂ ಅಲ್ಲ ಅವ್ವ. ಚಿಕ್ಕಣ್ಣನಿಗೆ ಖುಷಿಯಾಗಿದೆ."

"ಅವನು ಒಳ್ಳೆಯವನು," ಎಂದಳು ತಾಯಿ.

ಇಳಿಜಾರಿನ ಕಡೆಯ ಬುಡದಲ್ಲಿ ಕಲ್ಲುಕುಟಿಗ ಕೊನೆಯ ಏಟು ಹಾಕಿದ. ಮನೆ ಮೆಲ್ಲಗೆ ವಾಲಿತು. ಜನ ಇನ್ನೂ ಪಾಯಸ ಹೀರುತ್ತಿದ್ದರು. ಮನೆ ಒಂದು ಮುಖದಿಂದ ಪಕ್ಕದ ಮುಖಕ್ಕೆ, ಯಾರೋ ಮಗ್ಗುಲು ಬದಲಿಸಿದ ಹಾಗೆ, ಹೊರಳಿತು. ಅಲ್ಲಿಂದ ಇನ್ನೊಂದಕ್ಕೆ. ಆಮೇಲೆ ಉರುಳಿತು.

ಒಳಗೆ ಸಂಕವ್ವ ತಾಯಿಯನ್ನು ತಬ್ಬಿಕೊಂಡಳು. ನೆಲ ಗೋಡೆಯಾಯಿತು, ಗೋಡೆ ಚಾವಣಿಯಾಯಿತು, ಚಾವಣಿ ಬಂದು ಬೆನ್ನಿಗೆ ಬಡಿಯಿತು. ಅಣ್ಣನ ಒಂದೊಂದು ಮುಖವೂ ಸರದಿಯಲ್ಲಿ ಬಂದು ಅವಳಿಗೆ ಹೊಡೆಯಿತು. ಚಿಕ್ಕಣ್ಣನ ಅಂಚುಗಳು ಕೊಯ್ದವು. ಅವಳು ತನ್ನ ಮೈಯನ್ನು ತಾಯಿಯ ಸುತ್ತ ಸುತ್ತಿದಳು. ಆದರೂ ಪೂರಾ ಸುತ್ತಲು ಅವಳ ಮೈ ಸಾಲಲಿಲ್ಲ. ಗುಡ್ಡದ ಬುಡದ ಬಂಡೆಗೆ ಬಡಿದು ಮನೆ ಚೂರಾಯಿತು.

ಸಂಕವ್ವ ಬದುಕಿದಳು. ತಾಯಿ ಬದುಕಲಿಲ್ಲ.

ಊರಿನವರು ಗುಡ್ಡದ ಬುಡದಲ್ಲೇ ಉದ್ದಕ್ಕೆ, ನಾಲ್ಕು ಮೂಲೆಯ ಗುಂಡಿ ತೋಡಿದರು. ಆದರೆ ಮಡಿಸಿಕೊಂಡೇ ದಿನ ಕಳೆದಿದ್ದ ಆ ಮೈ ನೆಟ್ಟಗಾಗಲಿಲ್ಲ. ಮಂಡಿ ಹೊಟ್ಟೆಗೆ, ತಲೆ ಮಂಡಿಗೆ ಅಂಟಿಕೊಂಡು ಹಾಗೇ ನಿಂತುಬಿಟ್ಟಿತ್ತು.

"ಮಂಡಿ ಮುರಿದರೆ ಸರಿಹೋಗುತ್ತೆ," ಎಂದ ಗುಂಡಿ ತೋಡಿದವನು, ಹಿರಿಯನ ಕಡೆ ನೋಡುತ್ತ.

ಹಿರಿಯ ಆ ಕಡೆ ತಿರುಗಿಕೊಂಡು ತಲೆಯಾಡಿಸಿದ.

"ಕೈ ತೆಗೀರಿ!" ಎಂದು ಸಂಕವ್ವ ಕಿರುಚಿದಳು. ಅವಳ ದನಿ ಅಷ್ಟು ದೊಡ್ಡದೆಂದು ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಲ್ಲರೂ ಹಿಂದೆ ಸರಿದರು. ಅವಳು ಸ್ವಲ್ಪ ದೂರದಲ್ಲಿ, ಮೆತ್ತನೆಯ ಮಣ್ಣಿರುವ ಕಡೆ, ಕೈಯಲ್ಲೇ ಇನ್ನೊಂದು ಗುಂಡಿ ತೋಡಿದಳು. ತಾಯಿ ಹೇಗಿದ್ದಳೋ ಹಾಗೆ, ದುಂಡಗೆ. ಅದರಲ್ಲಿ ಅವಳನ್ನು ಕೂರಿಸಿ ಮಣ್ಣು ಮುಚ್ಚಿದಳು.

ಮರುದಿನ ಚಾವಡಿಯಲ್ಲಿ ನ್ಯಾಯ ಸೇರಿತು. ಊರಿನ ಒಂದು ಮನೆ ಹೋಗಿದೆ, ಒಂದು ಜೀವ ಹೋಗಿದೆ. ಯಾರ ತಪ್ಪು? ಹೇಳಬೇಕಾದವನು ಎಣಿಕೆಯವನು. ಅವನು ಚೂರುಗಳನ್ನೆಲ್ಲ ನೋಡಿಕೊಂಡು ಬಂದಿದ್ದ. ಅವನ ಕಣ್ಣು ಊದಿತ್ತು. ಅವನು ಆ ಮನೆಗಾಗಿ ಅತ್ತಿದ್ದ.

"ಅಣ್ಣ ಕಡಿಸಿದ," ಎಂದಳು ಸಂಕವ್ವ. "ಎಲ್ಲರೂ ನೋಡಿದ್ದೀರಿ."

"ಅವನ ಮುಖದ ಮೇಲೆ ಅವನಿಗೆ ಹಕ್ಕಿತ್ತು," ಎಂದ ಎಣಿಕೆಯವನು. "ನೋಡು ತಾಯಿ, ಬಿರುಕು ಹುಟ್ಟೋದು ಮೂಲೆಯಲ್ಲಿ. ಮುಖದ ನಡುವೆ ಹುಟ್ಟಲ್ಲ. ಎಲ್ಲ ಬಿರುಕನ್ನೂ ಬೆರಳಿಟ್ಟು ಹಿಂಬಾಲಿಸಿದೆ. ಎಲ್ಲವೂ ಒಂದೊಂದು ಮೂಲೆಗೇ ಹೋಗಿ ಮುಟ್ಟಿದವು. ಎಪ್ಪತ್ತೆರಡು ಮೂಲೆ ಇತ್ತು ಆ ಮನೆಗೆ. ಯಾರವು?"

ಕಿರಿಯ ಕಣ್ಣು ಒರೆಸಿಕೊಂಡ.

"ಒಡೆದ ಚೂರುಗಳಿಗೂ ಮುಖ ಇದೆಯಲ್ಲ," ಎಂದಳು ಅವಳು. "ಅಂಚೂ ಇದೆ. ಅವು ಯಾರಿಗೆ?"

ಹಿರಿಯ ತನ್ನ ಎತ್ತರದ ಮಣೆಯಿಂದ ಹೇಳಿದ: "ಒಡೆದದ್ದು ಮುಖ ಅಲ್ಲ. ಅದು ನನಗೆ ಬೇಡ."

ಎಣಿಕೆಯವನು ಒಪ್ಪಿದ. ಅಂಗೈ ಪೂರಾ ತಾಗದಿದ್ದರೆ ಮುಖವಲ್ಲ. ಬೆರಳು ನೆಟ್ಟಗೆ ಹರಿಯದಿದ್ದರೆ ಅಂಚಲ್ಲ. ಆದರೆ ಎಷ್ಟು ಒಡೆದರೂ ಮೂಲೆ ಮೂಲೆಯೇ. ಹಾಗಾಗಿ ಆ ರಾಶಿಯೆಲ್ಲ ಸಂಕವ್ವನ ಪಾಲು. ಅವಳೇ ಅದನ್ನು ಹೊತ್ತು ಊರಾಚೆಯ ಕೊರಕಲಿಗೆ ಹಾಕಬೇಕು. ದೊಡ್ಡವನದೂ ಚಿಕ್ಕವನದೂ ಮನೆ ಹೋಗಿದೆ, ಪಾಪ. ಅವರಿಗೆ ಊರಿನವರೆಲ್ಲ ಸೇರಿ ಹೊಸ ಬಂಡೆ ಕಡೆದು ಕೊಡಬೇಕು.

ಸಂಕವ್ವ ಚೂರು ಹೊತ್ತಳು. ಅಂಗೈಯಗಲದ ಚೂರು, ಉಗುರಿನಷ್ಟು ಚೂರು, ಎಲ್ಲಕ್ಕೂ ಮೊನೆಯಿತ್ತು. ಬುಟ್ಟಿಯ ಬೆತ್ತವನ್ನು ಹಾದು ಅವು ಅವಳ ತಲೆಗೆ ಚುಚ್ಚುತ್ತಿದ್ದವು. ಬೀದಿಯ ಹೆಂಗಸರು ತಂತಮ್ಮ ಮೂಲೆಗಳಿಂದ ಅವಳನ್ನು ನೋಡುತ್ತಿದ್ದರು. ಒಬ್ಬಳೂ ಹೊರಗೆ ಬಂದು ಬುಟ್ಟಿಗೆ ಕೈ ಕೊಡಲಿಲ್ಲ. ಬೇಸಗೆ ಬಂತು, ಹೋಯಿತು. ಕೊನೆಯ ಬುಟ್ಟಿಯನ್ನು ಕೊರಕಲಿಗೆ ಸುರಿದ ದಿನ ಅವಳು ಗುಡ್ಡದ ಬುಡಕ್ಕೆ ಬಂದು ತಾಯಿಯ ಮಣ್ಣಿನ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಹಾಗೆ ಕಾಲು ಚಾಚಿ ಕೂರುವುದು ಅವಳಿಗೆ ಮರೆತೇಹೋಗಿತ್ತು. ಅಲ್ಲಿ ಹುಲ್ಲು ಹುಟ್ಟಿತ್ತು. ಅವಳು ಅದರ ಮೇಲೆ ಕೈಯಾಡಿಸಿದಳು. ಇಲ್ಲೇ ಒಂದು ಗುಡಿಸಲು ಹಾಕಿಕೊಂಡರೆ ಆಯಿತು ಅಂದುಕೊಂಡಳು.

ಎಣಿಕೆಯವನು ಬಂದ. ಅವನಿಗೆ ವಯಸ್ಸಾಗಿತ್ತು. ಗುಡ್ಡ ಇಳಿದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ. ತಾಯಿಯ ಮಣ್ಣಿನ ಸುತ್ತ ಒಂದು ಸಲ ನಡೆದ. ಬೆರಳ ತುದಿ ಮುಂದೆ ಚಾಚಿ ಮೂಲೆ ಹುಡುಕಿದ. ಸಿಗಲಿಲ್ಲ. ಇನ್ನೊಂದು ಸಲ ನಡೆದ. ಗುಂಡಿ ದುಂಡಗಿತ್ತು.

"ಇಲ್ಲಿ ನಿನಗೇನೂ ಇಲ್ಲ ತಾಯಿ," ಎಂದ, ಬೇಸರದಿಂದ. "ಇದ್ದ ಮೂಲೆಗಳನ್ನೆಲ್ಲ ನೀನೇ ಊರಾಚೆ ಹಾಕಿ ಬಂದೆ. ಮೂಲೆ ಇಲ್ಲದ ಹೆಂಗಸು ಊರಲ್ಲಿರೋ ಹಾಗಿಲ್ಲ. ಹೊತ್ತು ಮುಳುಗೋದರೊಳಗೆ ಹೊರಡಬೇಕು."

ಸಂಕವ್ವ ಅವನ ಪಾದಗಳನ್ನು ನೋಡಿದಳು. ಜಗಳವಾಡಲು ಅವಳಲ್ಲಿ ಏನೂ ಉಳಿದಿರಲಿಲ್ಲ.

"ಹೊರಡ್ತೀನಿ," ಎಂದಳು. "ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ ಎಣಿಕೆಯವರೇ. ನೀವು ನಿಂತಿರೋದು ನಮ್ಮವ್ವನ ಮುಖದ ಮೇಲೆ."

ಅವನು ಗಾಬರಿಯಾಗಿ ಕಾಲು ತೆಗೆದ. ತಪ್ಪಾಯಿತು ಎನ್ನುವ ಹಾಗೆ ಬಾಗಿ ಆ ಮಣ್ಣು ಮುಟ್ಟಿದ. ಮುಟ್ಟಿದವನು ಕೈ ತೆಗೆಯಲಿಲ್ಲ. ಮಳೆಗೆ, ಬಿಸಿಲಿಗೆ, ಸಂಕವ್ವನ ಕೈಗೆ ಮಣ್ಣು ಹುಲ್ಲಿನಡಿ ನಯವಾಗಿ, ಸಮವಾಗಿ ಕೂತಿತ್ತು. ಅಂಗೈ ಪೂರಾ ತಾಗಿತು. ಅವನ ಕಣ್ಣು ಅರಳಿತು.

"ಹೌದಲ್ಲ," ಎಂದ. "ಮುಖ."

ಅವನು ಎದ್ದು ನಿಂತು, ಹಿರಿಯನಿಗೆ ಸುದ್ದಿ ಮುಟ್ಟಿಸಲು ಗುಡ್ಡ ಹತ್ತತೊಡಗಿದ.